ಕಿಸೆಯ ಚಾಕು: ಚಿಕ್ಕದೋ, ದೊಡ್ಡದೋ?

ಪುಷ್ಯಮಾಸದ ಹುಣ್ಣಿಮೆಯ ಸುಮಾರಿಗೆ ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ಅಂಥ ಜಾತ್ರೆಯಲ್ಲಾಗಲಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಸಂತೆಯಲ್ಲಾಗಲಿ, ಮಡಚುವ ಚಾಕುಗಳನ್ನು ಸಾಲಾಗಿ ಹರವಿಟ್ಟ ಅಂಗಡಿಯ ಮುಂದೆ ನಿಂತ ಗಿರಾಕಿಯು ಏನು ಮಾಡುತ್ತಾನೆ? ಬಹುಮಟ್ಟಿಗೆ ಆತನ ಕೈ ದೊಡ್ಡ ಚಾಕುವಿನ ಕಡೆಗೇ ಹೋಗುತ್ತದೆ. ಅಲಗನ್ನು ತೆರೆದು ಬಿಸಿಲಿಗೆ ಹಿಡಿದು ನೋಡುತ್ತಾನೆ. ಹೆಬ್ಬೆರಳಿನಿಂದ ಅದರ ಬಾಯಿಯನ್ನು ಮೆಲ್ಲನೆ ಸವರುತ್ತಾನೆ. ಪಕ್ಕದಲ್ಲಿರುವ ಚಿಕ್ಕ ಚಾಕು ಮಕ್ಕಳ ಆಟಿಕೆಯಂತೆ ಕಾಣುತ್ತದೆ. ಆದರೆ ಕೊಂಡುಹೋದ ದೊಡ್ಡ ಚಾಕು ನಾಲ್ಕು ದಿನ ಕಿಸೆಯಲ್ಲಿ ಜಗ್ಗಾಡಿ, ಐದನೆಯ ದಿನ ಮನೆಯ ಮಾಡವನ್ನು ಸೇರುತ್ತದೆ. ಹೊಲದಲ್ಲಿ ಹಗ್ಗ ತೊಡಕಿದಾಗ, ಪ್ರಯಾಣದಲ್ಲಿ ಹಣ್ಣು ಹೆಚ್ಚಬೇಕಾದಾಗ, ಅದು ಕೈಗೆ ದೊರೆಯುವುದಿಲ್ಲ.

ದಿನನಿತ್ಯ ಜೊತೆಯಲ್ಲಿರಿಸಿಕೊಳ್ಳಲು ಯಾವ ಅಳತೆಯ ಚಾಕು ಯೋಗ್ಯವೆಂಬುದು ಸಾಮಾನ್ಯವಾದ ಪ್ರಶ್ನೆಯಂತೆ ತೋರಬಹುದು. ಆದರೆ ಅದರಲ್ಲಿ ಬಲ, ಒತ್ತಡ, ಸನ್ನೆ, ಬೆಣೆ, ಉಕ್ಕಿನ ಗುಣ ಮತ್ತು ಮನುಷ್ಯನ ಅಂಗೈಯ ರಚನೆ, ಇವೆಲ್ಲವೂ ಸೇರಿಕೊಂಡಿವೆ. ತಪ್ಪು ಆಯ್ಕೆಯಿಂದ ಬೆರಳು ಕಳೆದುಕೊಳ್ಳುವ ಸಂಭವವೂ ಉಂಟು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ವಿಚಾರಿಸುವುದು ಉಚಿತ. ಈ ಲೇಖನದಲ್ಲಿ ಐದು ಸೆಂಟಿಮೀಟರಿಗಿಂತ ಕಡಿಮೆ ಉದ್ದದ ಅಲಗುಳ್ಳದ್ದನ್ನು ಚಿಕ್ಕ ಚಾಕು ಎಂದೂ, ಹತ್ತು ಸೆಂಟಿಮೀಟರು ಮತ್ತು ಅದಕ್ಕೆ ಮೇಲ್ಪಟ್ಟದ್ದನ್ನು ದೊಡ್ಡ ಚಾಕು ಎಂದೂ, ಇವೆರಡರ ನಡುವಿನದನ್ನು ಮಧ್ಯಮವೆಂದೂ ಕರೆಯೋಣ.

ಮಲಪ್ರಭೆಯ ದಡದ ಸಾಕ್ಷ್ಯ

ಈ ಪ್ರಶ್ನೆಯನ್ನು ಮೊದಲು ಎದುರಿಸಿದವರು ನಾವಲ್ಲ. ಬಾಗಲಕೋಟೆ ಜಿಲ್ಲೆಯ ನೆಲದಲ್ಲಿಯೇ ಇದಕ್ಕೆ ಅತಿ ಪುರಾತನವಾದ ಸಾಕ್ಷ್ಯ ಹುದುಗಿದೆ. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿ ಹಾಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಲಪ್ರಭಾ ಕಣಿವೆಯಲ್ಲಿ ಹಳೆಯ ಶಿಲಾಯುಗದ ಉಪಕರಣಗಳನ್ನು ಗುರುತಿಸಿದನು. ಮುಂದೆ ಆರ್. ವಿ. ಜೋಶಿಯವರು ಇದೇ ಕಣಿವೆಯನ್ನು ಕ್ರಮವಾಗಿ ಪರಿಶೀಲಿಸಿ ೧೯೫೫ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಬಾದಾಮಿಯ ಆಸುಪಾಸಿನ ಖ್ಯಾಡ, ಲಖಮಾಪುರ ಮೊದಲಾದ ನೆಲೆಗಳು ಈಗ ವಿದ್ವಾಂಸರಿಗೆ ಚಿರಪರಿಚಿತವಾಗಿವೆ. ಅಲ್ಲಿ ದೊರೆತಿರುವ ಕೈಗೊಡಲಿಗಳು ಹೆಚ್ಚಾಗಿ ಕ್ವಾರ್ಟ್ಸೈಟ್ ಎಂಬ ಗಟ್ಟಿ ಶಿಲೆಯವು. ಅಂಗೈ ತುಂಬುವಷ್ಟು ದೊಡ್ಡದಾದ, ಒಂದು ಕಡೆ ಮೊನೆಯಾಗಿ ಇನ್ನೊಂದು ಕಡೆ ಗುಂಡಾಗಿರುವ ಈ ಉಪಕರಣವು ಕಡಿಯುವುದಕ್ಕೂ ಅಗೆಯುವುದಕ್ಕೂ ಎಲುಬನ್ನು ಒಡೆಯುವುದಕ್ಕೂ ಒದಗುತ್ತಿತ್ತು. ಅದು ಆ ಕಾಲದ ದೊಡ್ಡ ಚಾಕು.

ಕಾಲ ಕಳೆದಂತೆ ಉಪಕರಣಗಳು ಚಿಕ್ಕವಾಗುತ್ತ ಬಂದವು. ಲಖಮಾಪುರದಲ್ಲಿ ಕೈಗೊಡಲಿಯ ಕಾಲದಿಂದ ಮಧ್ಯ ಹಳೆಯ ಶಿಲಾಯುಗದ ಚಕ್ಕೆ ಉಪಕರಣಗಳ ಕಾಲಕ್ಕೆ ನಡೆದ ಬದಲಾವಣೆಯನ್ನು ಪೆಟ್ರಾಗ್ಲಿಯಾ, ಶುಲ್ಡೆನ್‌ರೈನ್ ಮತ್ತು ಧಾರವಾಡದ ರವಿ ಕೊರಿಶೆಟ್ಟರ ಅವರು ೨೦೦೩ರಲ್ಲಿ ವಿವರಿಸಿದ್ದಾರೆ. ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ, ಬಹಳ ಈಚಿನ ಕಾಲಕ್ಕೆ ಸೇರಿದ, ಚರ್ಟ್ ಮೊದಲಾದ ನುಣುಪು ಕಲ್ಲುಗಳಿಂದ ಎಬ್ಬಿಸಿದ ತೆಳ್ಳನೆಯ ಅಲಗುಗಳು ದೊರೆತವು. ಇವು ಬೆರಳುಗಳ ನಡುವೆ ಹಿಡಿಯತಕ್ಕವು, ಇಲ್ಲವೆ ಮರದ ಹಿಡಿಗೆ ಕೂರಿಸತಕ್ಕವು.

ಈ ಬದಲಾವಣೆಗೆ ಕಾರಣವೇನು? ಒಂದು ಸೇರು ತೂಕದ ಕಲ್ಲಿನಿಂದ ಒಂದೇ ಕೈಗೊಡಲಿಯನ್ನು ಮಾಡಿದರೆ ಸಿಗುವ ಹರಿತವಾದ ಅಂಚು ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು. ಅದೇ ಕಲ್ಲನ್ನು ತೆಳ್ಳನೆಯ ಅಲಗುಗಳಾಗಿ ಎಬ್ಬಿಸಿದರೆ ಹಲವು ಮೀಟರು ಉದ್ದದ ಅಂಚು ಸಿಗುತ್ತದೆ. ಕೆಲಸ ಮಾಡುವುದು ಅಂಚು. ಉಳಿದ ಭಾಗವೆಲ್ಲ ಆ ಅಂಚನ್ನು ಹಿಡಿದು ನಿಲ್ಲಿಸುವ ಆಧಾರ ಮಾತ್ರ. ಹಾಗೆಂದು ಭಾರವಾದ ಉಪಕರಣವು ಮರೆಯಾಗಲಿಲ್ಲ. ಮರ ಕಡಿಯಲು ಕೊಡಲಿ ಬೇಕೇ ಬೇಕು. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಪರಶುರಾಮನು ತನ್ನ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದನೆಂಬ ಐತಿಹ್ಯವಿದೆ. ಕೊಡಲಿಯಾಕಾರದ ಬಂಡೆಯೊಂದನ್ನು ಇಂದಿಗೂ ತೋರಿಸುತ್ತಾರೆ. ಕೊಡಲಿಗೆ ಕೊಡಲಿಯ ಸ್ಥಾನ, ಅಲಗಿಗೆ ಅಲಗಿನ ಸ್ಥಾನ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟಾಗ ತೊಂದರೆ ಮೊದಲಾಗುತ್ತದೆ.

ಅಂಚು ಕತ್ತರಿಸುವುದು ಹೇಗೆ?

ಚಾಕುವಿನ ಕೆಲಸದ ಮೊದಲ ರಹಸ್ಯವು ಒತ್ತಡದಲ್ಲಿದೆ. ಬಲವನ್ನು ಅದು ಬೀಳುವ ಸ್ಥಳದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡವು ದೊರೆಯುತ್ತದೆಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಒಂದು ಕಿಲೋಗ್ರಾಂ ತೂಕದಷ್ಟು ಬಲದಿಂದ ಚಾಕುವನ್ನು ಹಣ್ಣಿನ ಮೇಲೆ ಒತ್ತಿದೆವೆಂದು ಭಾವಿಸೋಣ. ಹಣ್ಣಿಗೆ ತಾಗಿರುವ ಅಂಚಿನ ಉದ್ದ ಎರಡು ಸೆಂಟಿಮೀಟರು. ಚೆನ್ನಾಗಿ ಮಸೆದ ಅಂಚಿನ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆಗ ಬಲವೆಲ್ಲವೂ ಒಂದು ಚದರ ಮಿಲಿಮೀಟರಿನ ಐವತ್ತರಲ್ಲೊಂದು ಭಾಗದಷ್ಟು ಸ್ಥಳದ ಮೇಲೆ ಬೀಳುತ್ತದೆ. ಎಂದರೆ ಪ್ರತಿ ಚದರ ಮಿಲಿಮೀಟರಿಗೆ ಐವತ್ತು ಕಿಲೋಗ್ರಾಂ ತೂಕದ ಒತ್ತಡ! ಇದೇ ಅಂಚು ಮೊಂಡಾಗಿ ಇಪ್ಪತ್ತು ಪಟ್ಟು ದಪ್ಪವಾದರೆ ಒತ್ತಡವು ಎರಡೂವರೆ ಕಿಲೋಗ್ರಾಮಿಗೆ ಇಳಿಯುತ್ತದೆ. ಹಿಂದಿನಷ್ಟೇ ಒತ್ತಡವನ್ನು ಪಡೆಯಲು ಕೈಯು ಇಪ್ಪತ್ತು ಪಟ್ಟು ಬಲವನ್ನು ಹಾಕಬೇಕಾಗುವುದು. ಅಷ್ಟು ಬಲ ಹಾಕಿದ ಕೈ ಜಾರಿದಾಗ ಗಾಯವೂ ಅಷ್ಟೇ ಆಳವಾಗುತ್ತದೆ. ಮೊಂಡು ಚಾಕುವೇ ಹೆಚ್ಚು ಅಪಾಯಕರವೆಂಬ ಹಿರಿಯರ ಮಾತಿಗೆ ಇದೇ ಆಧಾರ. ಈ ಲೆಕ್ಕದಲ್ಲಿ ಅಲಗಿನ ಒಟ್ಟು ಉದ್ದ ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಎರಡನೆಯದು ಎಳೆತ. ಟೊಮೇಟೊ ಹಣ್ಣಿನ ಮೇಲೆ ಚಾಕುವನ್ನು ನೇರವಾಗಿ ಒತ್ತಿದರೆ ಹಣ್ಣು ಜಜ್ಜಿಹೋಗುತ್ತದೆ; ಒತ್ತುತ್ತಲೇ ಹಿಂದಕ್ಕೆ ಎಳೆದರೆ ಸಲೀಸಾಗಿ ಸೀಳುತ್ತದೆ. ಬ್ರಿಟನ್ನಿನ ಆಟ್ಕಿನ್ಸ್ ಮತ್ತು ಅವರ ಸಂಗಡಿಗರು ಗಿಣ್ಣು ಹಾಗೂ ಮಾಂಸದ ತುಂಡುಗಳ ಮೇಲೆ ಪ್ರಯೋಗ ನಡೆಸಿ, ಅಲಗನ್ನು ಉದ್ದಕ್ಕೆ ಎಳೆಯುವ ವೇಗವು ಹೆಚ್ಚಿದಂತೆ ಕೆಳಕ್ಕೆ ಒತ್ತಬೇಕಾದ ಬಲವು ಕಡಿಮೆಯಾಗುವುದನ್ನು ೨೦೦೪ರಲ್ಲಿ ತೋರಿಸಿಕೊಟ್ಟರು. ಇಲ್ಲಿ ಉದ್ದವಾದ ಅಲಗಿಗೆ ಒಂದು ಅನುಕೂಲವುಂಟೆಂಬುದನ್ನು ಒಪ್ಪಬೇಕು. ಒಂದೇ ಎಳೆತದಲ್ಲಿ ಕೆಲಸ ಮುಗಿಯಬೇಕಾದರೆ ಅಲಗು ವಸ್ತುವಿನ ದಪ್ಪಕ್ಕಿಂತ ಸಾಕಷ್ಟು ಉದ್ದವಾಗಿರಬೇಕು.

ಮೂರನೆಯದು ಬೆಣೆ. ಅಂಚು ದಾರಿಯನ್ನು ತೆರೆದ ಮೇಲೆ ಅಲಗಿನ ಮೈ ಆ ದಾರಿಯಲ್ಲಿ ನುಗ್ಗಬೇಕು. ಬೆನ್ನು ದಪ್ಪವಾಗಿದ್ದರೆ ಅಲಗು ವಸ್ತುವನ್ನು ಕತ್ತರಿಸುವ ಬದಲು ಒಡೆಯುತ್ತದೆ. ಗಜ್ಜರಿಯನ್ನು ದಪ್ಪ ಚಾಕುವಿನಿಂದ ಹೆಚ್ಚುವಾಗ ಅದು ‘ಟಪ್’ ಎಂದು ಸಿಡಿದು ಹೋಳಾಗುವುದನ್ನು ಎಲ್ಲರೂ ಕಂಡಿದ್ದಾರೆ.

ದೊಡ್ಡದಾಗುವುದರ ಬೆಲೆ

ಹಾಗಾದರೆ ಅಲಗನ್ನು ಉದ್ದವಾಗಿಯೂ ತೆಳ್ಳಗೂ ಮಾಡಬಾರದೇಕೆ? ಇದಕ್ಕೆ ಯಂತ್ರಶಾಸ್ತ್ರವು ಅಡ್ಡಬರುತ್ತದೆ. ಒಂದು ತುದಿಯಲ್ಲಿ ಹಿಡಿದ ಪಟ್ಟಿಯ ಇನ್ನೊಂದು ತುದಿಯನ್ನು ಒತ್ತಿದಾಗ ಅದು ಬಾಗುವ ಪ್ರಮಾಣವು ಉದ್ದದ ಘನಕ್ಕೆ ಅನುಸಾರವಾಗಿರುತ್ತದೆ. ಆರು ಸೆಂಟಿಮೀಟರಿನ ಅಲಗಿಗಿಂತ, ಅಷ್ಟೇ ಅಗಲ ಮತ್ತು ದಪ್ಪವುಳ್ಳ ಹನ್ನೆರಡು ಸೆಂಟಿಮೀಟರಿನ ಅಲಗು ಎಂಟು ಪಟ್ಟು ಹೆಚ್ಚು ಬಾಗುತ್ತದೆ. ಅದನ್ನು ತಡೆಯಲು ಬೆನ್ನನ್ನು ದಪ್ಪ ಮಾಡಬೇಕು. ದಪ್ಪ ಮಾಡಿದರೆ ಬೆಣೆಯು ಮೊಂಡಾಗುತ್ತದೆ. ಇದಲ್ಲದೆ ಮಡಚುವ ಚಾಕುವಿಗೆ ಕೀಲು ಎಂಬ ದುರ್ಬಲ ಸ್ಥಾನವೊಂದಿದೆ. ಅಲಗಿನ ಉದ್ದ ಎರಡರಷ್ಟಾದರೆ, ತುದಿಯ ಮೇಲೆ ಬಿದ್ದ ಅದೇ ಬಲವು ಕೀಲನ್ನು ಎರಡರಷ್ಟು ತಿರುಚುತ್ತದೆ. ಸನ್ನೆಯ ನಿಯಮವಿದು.

ತೂಕದ ಲೆಕ್ಕ ಇನ್ನೂ ಕಠಿಣ. ವಸ್ತುವಿನ ಉದ್ದ, ಅಗಲ, ದಪ್ಪಗಳೆಲ್ಲವೂ ಎರಡರಷ್ಟಾದರೆ ಅದರ ತೂಕವು ಎಂಟರಷ್ಟಾಗುವುದೆಂಬ ತತ್ತ್ವವನ್ನು ಗೆಲಿಲಿಯೋ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಮೂವತ್ತು ಗ್ರಾಂ ತೂಗುವ ಚಾಕುವನ್ನು ಎಲ್ಲ ದಿಕ್ಕಿನಲ್ಲಿಯೂ ಇಮ್ಮಡಿಸಿದರೆ ಇನ್ನೂರ ನಲವತ್ತು ಗ್ರಾಂ ಆಗುತ್ತದೆ. ಅಂಗಿಯ ಕಿಸೆಯಾಗಲಿ, ಸೀರೆಯ ಸೊಂಟಕ್ಕೆ ಸಿಕ್ಕಿಸಿದ ಚೀಲವಾಗಲಿ ದಿನವಿಡೀ ಹೊರಲು ಒಪ್ಪುವ ಹೊರೆ ಇದಲ್ಲ.

ದೊಡ್ಡ ಚಾಕುವಿನ ಭಾರಕ್ಕೆ ಉಪಯೋಗವೇ ಇಲ್ಲವೆಂದಲ್ಲ. ಬೀಸಿ ಕಡಿಯುವಾಗ ಭಾರವು ಶಕ್ತಿಯಾಗಿ ಪರಿಣಮಿಸುತ್ತದೆ. ಕಬ್ಬಿನ ಜಲ್ಲೆಯನ್ನು ತುಂಡರಿಸಲು, ಮುಳ್ಳುಕಂಟಿಯನ್ನು ಸವರಲು ಭಾರವಾದ ಅಲಗು ಬೇಕು. ಆದರೆ ಇಂಥ ಕೆಲಸಕ್ಕೆ ಮಡಚುವ ಚಾಕು ಎಷ್ಟು ದೊಡ್ಡದಾದರೂ ಸಾಲದು. ಬೀಸುವ ಹೊಡೆತವನ್ನು ಅದರ ಕೀಲು ತಾಳಲಾರದು. ಕುಡುಗೋಲು, ಮಚ್ಚು, ಕೊಡಲಿಗಳು ಇರುವುದು ಇದಕ್ಕಾಗಿಯೇ.

ನಾವು ಕತ್ತರಿಸುವುದಾದರೂ ಏನನ್ನು?

ಈಗ ನಮ್ಮ ಜಿಲ್ಲೆಯ ಒಂದು ದಿನದ ಕೆಲಸಗಳನ್ನು ಪಟ್ಟಿ ಮಾಡೋಣ. ಜೋಳದ ರೊಟ್ಟಿಯನ್ನು ಕೈಯಿಂದಲೇ ಮುರಿಯುತ್ತೇವೆ. ಅದಕ್ಕೆ ಚಾಕು ಬೇಡ. ರೊಟ್ಟಿಯ ಜೊತೆಗಿನ ಉಳ್ಳಾಗಡ್ಡಿಯ ಅಡ್ಡಳತೆ ಆರು ಸೆಂಟಿಮೀಟರು, ಸವತೆಕಾಯಿಯದು ನಾಲ್ಕೈದು, ನಿಂಬೆಹಣ್ಣಿನದು ನಾಲ್ಕು, ಪೇರಲಹಣ್ಣಿನದು ಏಳು. ದಾಳಿಂಬೆ ಎಂಟು ಹತ್ತು ಸೆಂಟಿಮೀಟರು ಇದ್ದರೂ ಅದನ್ನು ನಡುವೆ ಸೀಳಬಾರದು. ಸೀಳಿದರೆ ಕಾಳುಗಳು ಒಡೆದು ರಸ ಸುರಿಯುತ್ತದೆ. ತೊಗಟೆಯ ಮೇಲೆ ಗೀರು ಹಾಕಿ ಬಿಡಿಸುವುದೇ ಸರಿಯಾದ ಕ್ರಮ. ಅದಕ್ಕೆ ಅಲಗಿನ ತುದಿ ಮಾತ್ರ ಸಾಕು. ದನದ ಕೊರಳಿನ ಹಗ್ಗ ಎರಡು ಸೆಂಟಿಮೀಟರಿಗಿಂತ ದಪ್ಪವಿರುವುದು ಅಪರೂಪ. ಅಮೀನಗಡದ ಕರದಂಟಿನ ಪೊಟ್ಟಣಕ್ಕೆ ಸುತ್ತಿದ ದಾರ, ಗೊಬ್ಬರದ ಚೀಲದ ಹೊಲಿಗೆ, ಪಾರ್ಸೆಲ್ಲಿನ ಅಂಟುಪಟ್ಟಿ, ಇವುಗಳಿಗೆ ಒಂದು ಅಂಗುಲದ ಅಂಚೂ ಹೆಚ್ಚಾಯಿತು.

ಒಟ್ಟಿನಲ್ಲಿ ಏಳು ಸೆಂಟಿಮೀಟರಿನ ಅಲಗು ದಿನದ ಕೆಲಸಗಳಲ್ಲಿ ಹೆಚ್ಚಿನವನ್ನು ನಿರ್ವಹಿಸುತ್ತದೆ. ಅದಕ್ಕೆ ಮೀರಿದ ಹಣ್ಣನ್ನು ಸುತ್ತಲೂ ತಿರುಗಿಸುತ್ತ ಕೊಯ್ದರೆ ಅಲಗಿನ ಎರಡರಷ್ಟು ದಪ್ಪದವರೆಗೂ ಕತ್ತರಿಸಬಹುದು. ಉಳಿಯುವುದು ಕಲ್ಲಂಗಡಿ, ಕುಂಬಳಕಾಯಿಗಳು ಮಾತ್ರ. ಅವನ್ನು ಕಿಸೆಯ ಚಾಕುವಿನಿಂದ ಹೆಚ್ಚುವ ಹಟ ಯಾರಿಗೂ ಬೇಡ. ಮನೆಯಲ್ಲಿ ಈಳಿಗೆಮಣೆ ಇದ್ದೇ ಇದೆ.

ಅಂಗೈಯೇ ಅಳತೆಗೋಲು

ಅಲಗು ಚಿಕ್ಕದಾದಷ್ಟೂ ಒಳ್ಳೆಯದೆಂದು ಇದರಿಂದ ತೀರ್ಮಾನಿಸಬಹುದೇ? ಹಾಗೆ ಮಾಡಿದರೆ ಇನ್ನೊಂದು ತಪ್ಪಿಗೆ ಬೀಳುತ್ತೇವೆ. ಚಿಕ್ಕ ಚಾಕುವಿನ ದೋಷವಿರುವುದು ಅದರ ಹಿಡಿಯಲ್ಲಿ. ವಯಸ್ಕರ ಅಂಗೈಯ ಅಗಲ, ಎಂದರೆ ಹೆಬ್ಬೆರಳನ್ನು ಬಿಟ್ಟು ನಾಲ್ಕು ಬೆರಳುಗಳ ಬುಡದ ಅಗಲವು, ಸುಮಾರು ಏಳರಿಂದ ಒಂಬತ್ತು ಸೆಂಟಿಮೀಟರು ಇರುತ್ತದೆ. ಹಿಡಿಯು ಇದಕ್ಕಿಂತ ತೀರ ಗಿಡ್ಡವಾಗಿದ್ದರೆ ಎರಡೇ ಬೆರಳುಗಳು ಅದನ್ನು ಹಿಡಿಯಬೇಕು. ಒದ್ದೆಯಾದ ಹಗ್ಗವನ್ನು ಕೊಯ್ಯುವಾಗ ಅಂಥ ಹಿಡಿ ಕೈಯಲ್ಲಿ ತಿರುಗುತ್ತದೆ. ಬೆರಳು ಮುಂದಕ್ಕೆ ಜಾರಿ ಅಂಚಿನ ಮೇಲೆ ಬರುತ್ತದೆ.

ಮಡಚುವ ಚಾಕುವಿನಲ್ಲಿ ಅಲಗು ಹಿಡಿಯೊಳಗೆ ಅಡಗಬೇಕಷ್ಟೆ. ಆದುದರಿಂದ ಹಿಡಿಯು ಅಲಗಿಗಿಂತ ಒಂದೆರಡು ಸೆಂಟಿಮೀಟರಾದರೂ ಉದ್ದವಾಗಿರಬೇಕು. ಇದನ್ನೇ ತಿರುಗಿಸಿ ಹೇಳಿದರೆ ನಮಗೆ ಬೇಕಾದ ಸೂತ್ರವು ದೊರೆಯುತ್ತದೆ: ಮೊದಲು ನಿಮ್ಮ ಅಂಗೈಯನ್ನು ಅಳೆಯಿರಿ, ಆ ಅಗಲವನ್ನು ತುಂಬಿ ಸ್ವಲ್ಪವೇ ಮಿಗುವ ಹಿಡಿಯನ್ನು ಆರಿಸಿರಿ, ಅದರೊಳಗೆ ಹಿಡಿಸುವ ಅಲಗೇ ನಿಮಗೆ ತಕ್ಕ ಅಲಗು. ಒಂಬತ್ತರಿಂದ ಹತ್ತು ಸೆಂಟಿಮೀಟರಿನ ಹಿಡಿಗೆ ಏಳು ಏಳೂವರೆ ಸೆಂಟಿಮೀಟರಿನ ಅಲಗು ಸಹಜವಾಗಿಯೇ ಒದಗುತ್ತದೆ. ಕತ್ತರಿಸುವ ವಸ್ತುಗಳನ್ನು ಅಳೆದಾಗ ಬಂದ ಉತ್ತರವೂ ಇದೇ ಆಗಿತ್ತು.

ಹೊರದೇಶಗಳ ಅನುಭವವೂ ಇದನ್ನು ಸಮರ್ಥಿಸುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ೧೮೯೧ರಲ್ಲಿ ಆ ದೇಶದ ಸೈನ್ಯಕ್ಕೆ ಚಾಕುಗಳನ್ನು ಒದಗಿಸಲಾರಂಭಿಸಿದನು. ೧೮೯೭ರಲ್ಲಿ ಅಧಿಕಾರಿಗಳ ಚಾಕು ಎಂಬ ಹೆಸರಾಂತ ಮಾದರಿ ಹೊರಬಂದಿತು. ವಿಕ್ಟೋರಿನಾಕ್ಸ್ ಸಂಸ್ಥೆ ತಯಾರಿಸುವ ಇದರ ಪ್ರಸಿದ್ಧ ರೂಪದ ಹಿಡಿ ೯೧ ಮಿಲಿಮೀಟರು. ಆ ಒಂದೇ ಹಿಡಿಯಲ್ಲಿ ಏಳು ಸೆಂಟಿಮೀಟರಿನಷ್ಟರ ಅಲಗೊಂದು, ನಾಲ್ಕು ಸೆಂಟಿಮೀಟರಿನಷ್ಟರ ಅಲಗೊಂದು ಅಡಕವಾಗಿವೆ. ಚಿಕ್ಕದೋ ದೊಡ್ಡದೋ ಎಂಬ ಜಗಳವನ್ನು ಅವರು ಎರಡನ್ನೂ ಒಟ್ಟಿಗೆ ಇಟ್ಟು ಬಗೆಹರಿಸಿದರು! ಫ್ರಾನ್ಸಿನ ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ ೧೮೯೦ರಲ್ಲಿ ಮರದ ಹಿಡಿಯ ಸರಳವಾದ ಚಾಕುವನ್ನು ರಚಿಸಿ, ಮುಂದೆ ಅದನ್ನು ೧ರಿಂದ ೧೨ರವರೆಗೆ ಸಂಖ್ಯೆಗಳುಳ್ಳ ಅಳತೆಗಳಲ್ಲಿ ತಯಾರಿಸಿದನು. ಅವುಗಳಲ್ಲಿ ಅತ್ಯಂತ ಜನಪ್ರಿಯವಾದುದು ಎಂಟೂವರೆ ಸೆಂಟಿಮೀಟರು ಅಲಗಿನ ೮ನೆಯ ಸಂಖ್ಯೆ. ಅತಿ ಚಿಕ್ಕದೂ ಅಲ್ಲದ, ಅತಿ ದೊಡ್ಡದೂ ಅಲ್ಲದ ಅಳತೆಯನ್ನೇ ಜನರ ಕೈಗಳು ಆರಿಸಿಕೊಂಡವು.

ಇದೇ ಚಾಕುವಿಗೆ ೧೯೫೫ರಲ್ಲಿ ತಿರುಗುವ ಉಂಗುರದ ಬೀಗವೊಂದನ್ನು ಅಳವಡಿಸಲಾಯಿತು. ತೆರೆದ ಅಲಗು ಕೈಯ ಮೇಲೆ ಮಡಚಿಕೊಳ್ಳುವುದನ್ನು ಅದು ತಡೆಯುತ್ತದೆ. ಬರಿಯ ಸ್ಪ್ರಿಂಗಿನ ಆಧಾರದ ಮೇಲೆ ನಿಲ್ಲುವ ಚಾಕುವಿನಲ್ಲಿ ಬೆನ್ನಿನ ಮೇಲೆ ಒತ್ತು ಬಿದ್ದರೆ ಅಲಗು ಮಡಚಿ ಬೆರಳನ್ನು ಕೊಯ್ಯುತ್ತದೆ. ಅಲಗು ಉದ್ದವಾದಷ್ಟೂ ಈ ಅಪಾಯ ಹೆಚ್ಚೆಂಬುದು ಸನ್ನೆಯ ನಿಯಮದಿಂದಲೇ ಸ್ಪಷ್ಟ. ಆದಕಾರಣ ಏಳೆಂಟು ಸೆಂಟಿಮೀಟರಿಗೆ ಮೇಲ್ಪಟ್ಟ ಅಲಗಿದ್ದರೆ ಬೀಗವೂ ಇರಲೇಬೇಕು.

ಉಕ್ಕೆಂಬ ಕನ್ನಡದ ಕೊಡುಗೆ

ಅಳತೆ ಸರಿಯಾಗಿದ್ದರೂ ಲೋಹವು ಕೆಟ್ಟದ್ದಾದರೆ ಪ್ರಯೋಜನವಿಲ್ಲ. ಅಮೀನಗಡದ ಸುತ್ತಣ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ. ಆದರೆ ಬರಿಯ ಕಬ್ಬಿಣ ಮೆತ್ತಗಿನದು, ಅಂಚನ್ನು ಹಿಡಿದು ನಿಲ್ಲಿಸಲಾರದು. ಅದಕ್ಕೆ ನೂರಕ್ಕೆ ಅರ್ಧದಿಂದ ಒಂದು ಪಾಲಿನಷ್ಟು ಇಂಗಾಲ ಸೇರಿದಾಗ ಹದಗೊಳಿಸಬಹುದಾದ ಉಕ್ಕಾಗುತ್ತದೆ. ದಕ್ಷಿಣ ಭಾರತದ ಮೂಸೆಯ ಉಕ್ಕು ಲೋಕವಿಖ್ಯಾತವಾಗಿತ್ತು. ಫ್ರಾನ್ಸಿಸ್ ಬುಕಾನನ್ ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಇದನ್ನು ತಯಾರಿಸುವ ಕ್ರಮವನ್ನು ಕಂಡು ಬರೆದಿಟ್ಟಿದ್ದಾನೆ. ಯೂರೋಪಿನವರು ಇದನ್ನು ‘ವೂಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಪದದ ಅಪಭ್ರಂಶವೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಬಹುವಾಗಿ ಮೆಚ್ಚಿಕೊಂಡು ಅದರಿಂದ ಅಲಗುಗಳನ್ನು ಮಾಡಿದನು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ ೧೮೧೯ರಲ್ಲಿ ಇದನ್ನು ವಿಶ್ಲೇಷಿಸಿ, ಸ್ಟೋಡಾರ್ಟನ ಜೊತೆಗೂಡಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. ವಿದ್ಯುತ್ತಿನ ಮಹಾವಿಜ್ಞಾನಿಯು ತನ್ನ ಪ್ರಾರಂಭದ ದಿನಗಳಲ್ಲಿ ಚಾಕುವಿನ ಉಕ್ಕಿಗೆ ತಲೆಕೆಡಿಸಿಕೊಂಡಿದ್ದನೆಂಬುದು ಸ್ವಾರಸ್ಯದ ಸಂಗತಿ.

ಇಂದು ಕೊಳ್ಳುವವನ ಮುಂದೆ ಎರಡು ಬಗೆಯ ಉಕ್ಕುಗಳಿವೆ. ಇಂಗಾಲದ ಸಾದಾ ಉಕ್ಕು ಬೇಗನೆ ಹರಿತವಾಗುತ್ತದೆ. ಆದರೆ ನಿಂಬೆ, ಮಾವುಗಳ ಹುಳಿಗೆ ಕಪ್ಪಾಗಿ, ನೀರಿಗೆ ತುಕ್ಕು ಹಿಡಿಯುತ್ತದೆ. ೧೯೧೩ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬೆಳಕಿಗೆ ತಂದ ತುಕ್ಕುರಹಿತ ಉಕ್ಕಿನಲ್ಲಿ ಕ್ರೋಮಿಯಂ ಬೆರೆತಿರುವುದರಿಂದ ಅದರ ಮೇಲೆ ತೆಳುವಾದ ರಕ್ಷಕ ಪದರವೊಂದು ನಿಲ್ಲುತ್ತದೆ. ತಿನ್ನುವ ಪದಾರ್ಥಗಳಿಗೆ ಬಳಸುವ ಕಿಸೆಯ ಚಾಕುವಿಗೆ ಇದೇ ಅನುಕೂಲ.

ಮಸೆಯಲು ಸಾಣೆಕಲ್ಲು ಬೇಕು. ಬಾದಾಮಿಯ ಕೆಂಪು ಮರಳುಗಲ್ಲಿನ ಕಣಗಳು ಕ್ವಾರ್ಟ್ಸ್ ಖನಿಜದವು. ಉಕ್ಕನ್ನು ಸವೆಸುವಷ್ಟು ಗಟ್ಟಿಯಾಗಿರುವುದರಿಂದಲೇ ಮರಳುಗಲ್ಲು ಹಿಂದಿನಿಂದಲೂ ಮಸೆಗಲ್ಲಾಗಿ ಬಳಕೆಯಾಗಿದೆ. ಮೊಂಡಾದ ಅಂಚಿಗೆ ಮೊದಲು ಒರಟು ಕಲ್ಲು, ಅನಂತರ ನುಣುಪು ಕಲ್ಲು ಬೇಕು. ಪ್ರತಿ ಪಕ್ಕವನ್ನೂ ಕಲ್ಲಿಗೆ ಹದಿನೈದರಿಂದ ಇಪ್ಪತ್ತು ಡಿಗ್ರಿ ಓರೆಯಾಗಿ ಹಿಡಿದು ಸಮನಾಗಿ ಉಜ್ಜಬೇಕು. ಸ್ಮಾರಕಗಳ ಕಟ್ಟೆಕಲ್ಲುಗಳ ಮೇಲೆ ಮಾತ್ರ ಯಾರೂ ಈ ಪ್ರಯೋಗ ಮಾಡಬಾರದು!

ಕಸುಬಿಗೆ ತಕ್ಕ ಅಲಗು

ಸಾಮಾನ್ಯ ಸೂತ್ರಕ್ಕೆ ಕಸುಬಿನಿಂದ ಕಸುಬಿಗೆ ತಿದ್ದುಪಡಿಗಳು ಬೇಕಾಗುತ್ತವೆ. ಇಳಕಲ್ಲಿನ ನೇಕಾರರ ಮಗ್ಗದ ಮುಂದೆ ಕತ್ತರಿಸಬೇಕಾದುದು ಒಂದೇ ಎಳೆ. ಪಕ್ಕದ ಎಳೆಗೆ ಅಂಚು ತಾಗಕೂಡದು. ಸೆರಗು ಮತ್ತು ಒಡಲಿನ ಹಾಸುಗಳನ್ನು ಕೊಂಡಿ ಹಾಕಿ ಜೋಡಿಸುವ ಈ ನೇಯ್ಗೆಯಲ್ಲಿ ಒಂದು ಎಳೆ ತಪ್ಪಿ ತುಂಡಾದರೂ ನಷ್ಟವೇ. ಇಲ್ಲಿ ಎರಡು ಬೆರಳಗಲದ ಅಲಗೇ ಶ್ರೇಷ್ಠ. ಬೇಕಾದುದು ಹತೋಟಿ, ಬಲವಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಬಲೆ ಬೀಸುವವರ ಅಗತ್ಯ ಬೇರೆ. ಕಾಲಿಗೆ ಸುತ್ತಿಕೊಂಡ ಒದ್ದೆಯಾದ ನೈಲಾನ್ ಹುರಿಯನ್ನು ಕ್ಷಣಾರ್ಧದಲ್ಲಿ ಕೊಯ್ಯಬೇಕು. ಅವರಿಗೆ ಗರಗಸದಂಥ ಹಲ್ಲುಗಳುಳ್ಳ, ಮೊನೆಯಿಲ್ಲದ ಗುಂಡುತುದಿಯ ಅಲಗು, ಜೊತೆಗೆ ಕೈ ತುಂಬ ಹಿಡಿ ಅವಶ್ಯಕ.

ಹಣ್ಣಿನ ತೋಟದವರ ಮಾತು ಇನ್ನೂ ಗಮನಾರ್ಹ. ಬಾಗಲಕೋಟೆಯಲ್ಲಿ ೨೦೦೮ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಜಿಲ್ಲೆಯಲ್ಲಿ ದಾಳಿಂಬೆ, ದ್ರಾಕ್ಷಿಗಳ ಬೆಳೆ ಪ್ರಸಿದ್ಧವಾಗಿದೆ. ಕಸಿ ಕಟ್ಟುವ ಚಾಕು ಚಿಕ್ಕದಾಗಿರುತ್ತದೆ; ಅನೇಕ ವೇಳೆ ಅದರ ಅಂಚನ್ನು ಒಂದೇ ಪಕ್ಕದಲ್ಲಿ ಮಸೆದಿರುತ್ತಾರೆ. ಇದರಿಂದ ಗಾಯದ ಮೇಲ್ಮೈ ಸಪಾಟಾಗಿ ಕಸಿಕೊಂಬೆಯು ಚೆನ್ನಾಗಿ ಕೂಡುತ್ತದೆ. ಆದರೆ ಇದೇ ಚಾಕುವು ರೋಗವನ್ನೂ ಹೊರಬಲ್ಲದು. ದಾಳಿಂಬೆಯ ದುಂಡಾಣು ಅಂಗಮಾರಿ ರೋಗವು ತೋಟಗಳನ್ನೇ ಹಾಳುಮಾಡಿ ಅನೇಕ ಕುಟುಂಬಗಳನ್ನು ಸಂಕಟಕ್ಕೆ ಈಡುಮಾಡಿದೆ. ರೋಗ ತಗುಲಿದ ಗಿಡವನ್ನು ಸವರಿದ ಅಲಗಿನಿಂದಲೇ ಮುಂದಿನ ಗಿಡವನ್ನು ಸವರಿದರೆ, ಕಣ್ಣಿಗೆ ಕಾಣದ ದುಂಡಾಣುಗಳನ್ನು ಹಸಿಗಾಯಕ್ಕೆ ನಾವೇ ತುಂಬಿದಂತಾಗುತ್ತದೆ. ಆದಕಾರಣ ಗಿಡದಿಂದ ಗಿಡಕ್ಕೆ ಹೋಗುವಾಗ ಉಪಕರಣವನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಆ ದ್ರಾವಣವು ಉಕ್ಕನ್ನು ತಿನ್ನುವುದರಿಂದ ಕೆಲಸ ಮುಗಿದೊಡನೆ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು. ತೋಟದ ಚಾಕುವೇ ಬೇರೆ, ಊಟದ ಚಾಕುವೇ ಬೇರೆ ಇರುವುದು ವಿಹಿತ.

ಹುನಗುಂದದ ಎರೆಭೂಮಿಯ ರೈತನಿಗೆ ಮಧ್ಯಮ ಅಳತೆಯೇ ಸರಿ. ಹಗ್ಗ ಕೊರಳಿಗೆ ಬಿಗಿದುಕೊಂಡು ಎತ್ತು ಒದ್ದಾಡುವಾಗ ಅದನ್ನು ಬಿಡುಗಡೆಗೊಳಿಸಲು ಇರುವ ಕಾಲ ಕೆಲವೇ ನಿಮಿಷ. ಆಗ ಒದಗುವುದು ಹರಿತವಾಗಿ ಕಿಸೆಯಲ್ಲಿರುವ ಏಳು ಸೆಂಟಿಮೀಟರಿನ ಅಲಗು. ಮನೆಯಲ್ಲಿಟ್ಟು ಬಂದ ಹನ್ನೆರಡು ಸೆಂಟಿಮೀಟರಿನದಲ್ಲ. ಅದಲ್ಲದೆ, ಬೆದರಿದ ಪ್ರಾಣಿಯ ಕೊರಳ ಬಳಿ ಉದ್ದವಾದ ಮೊನೆಯನ್ನು ಆಡಿಸುವುದು ಎತ್ತಿಗೂ ಒಡೆಯನಿಗೂ ಕ್ಷೇಮಕರವಲ್ಲ.

ಕಾಯಿದೆ ಮತ್ತು ಕ್ಷೇಮ

ಚಾಕುವನ್ನು ಹೊತ್ತು ನಡೆಯುವವನು ಕಾಯಿದೆಯನ್ನೂ ತಿಳಿದಿರಬೇಕು. ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮವು ಮನೆಗೆಲಸ ಅಥವಾ ಬೇಸಾಯಕ್ಕಾಗಿಯೇ ರೂಪಿಸಿದ ಉಪಕರಣಗಳನ್ನು ಆಯುಧಗಳೆಂದು ಎಣಿಸುವುದಿಲ್ಲ. ಅದರಡಿಯ ನಿಯಮಗಳು, ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗೆ ಸೇರದ, ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳ ವರ್ಗಕ್ಕೆ ಸೇರಿಸಿವೆ. ನಮ್ಮ ಏಳು ಸೆಂಟಿಮೀಟರು ಮೂರು ಅಂಗುಲಕ್ಕಿಂತಲೂ ಕಡಿಮೆ. ಆದರೂ ನಿಷೇಧಾಜ್ಞೆ ಜಾರಿಯಲ್ಲಿರುವಾಗ, ದೊಡ್ಡ ಜನಸಂದಣಿಯಲ್ಲಿ, ಚಾಕುವನ್ನು ಮನೆಯಲ್ಲಿಯೇ ಬಿಡುವುದು ವಿವೇಕ. ವಿಮಾನದಲ್ಲಿ ಕೈಚೀಲದೊಳಗೆ ಅದನ್ನು ಒಯ್ಯುವಂತಿಲ್ಲ. ಆತ್ಮರಕ್ಷಣೆಗೆಂದು ದೊಡ್ಡ ಚಾಕುವನ್ನು ಕೊಳ್ಳುವ ಯುವಕರೂ ಉಂಟು. ಜಗಳದಲ್ಲಿ ಹೊರತೆಗೆದ ಚಾಕು ಎರಡು ಮನೆಗಳನ್ನು ಹಾಳುಮಾಡುತ್ತದೆಯೇ ಹೊರತು ಯಾರನ್ನೂ ಕಾಪಾಡುವುದಿಲ್ಲ. ಆ ಉದ್ದೇಶ ಮನಸ್ಸಿನಲ್ಲಿದ್ದರೆ ಯಾವ ಅಳತೆಯ ಚಾಕುವನ್ನೂ ಕೊಳ್ಳದಿರುವುದೇ ಮೇಲು.

ಬಳಸುವಾಗ ಅಂಚನ್ನು ಮೈಯಿಂದ ಆಚೆಗೆ ಸರಿಸಬೇಕು. ತೊಡೆಯ ಮೇಲೆ ವಸ್ತುವನ್ನಿಟ್ಟು ಕೊಯ್ಯಬಾರದು. ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಬೇಕು. ಗಾಯವಾದರೆ ಶುಭ್ರವಾದ ಹರಿಯುವ ನೀರಿನಿಂದ ತೊಳೆದು, ಒಗೆದ ಬಟ್ಟೆಯಿಂದ ಅದುಮಿ ಹಿಡಿದು ರಕ್ತವನ್ನು ನಿಲ್ಲಿಸಬೇಕು. ಮಣ್ಣು, ಬೂದಿ ಮೆತ್ತಕೂಡದು. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿಯೇ ಇರುತ್ತವೆ. ಅದರ ಲಸಿಕೆಯ ವಿಷಯವನ್ನು ವೈದ್ಯರಲ್ಲಿ ವಿಚಾರಿಸಬೇಕು. ಗಾಯ ಚಿಕ್ಕದಾಗಿ ಕಂಡರೂ ಬೆರಳು ಮಡಚಲು ಬಾರದಿದ್ದರೆ, ಇಲ್ಲವ ತುದಿ ಜೋಮು ಹಿಡಿದಂತಿದ್ದರೆ, ಒಳಗಿನ ಸ್ನಾಯುರಜ್ಜು ಅಥವಾ ನರ ತುಂಡಾಗಿರುವ ಸಂಭವವಿದೆ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದುಡಿದು ಉಣ್ಣುವವನಿಗೆ ಬೆರಳಿಗಿಂತ ಬೆಲೆಬಾಳುವ ಉಪಕರಣ ಬೇರೊಂದಿಲ್ಲ.

ಆದುದರಿಂದ ಮುಂದಿನ ಸಲ ಚಾಕುವನ್ನು ಕೊಳ್ಳುವಾಗ ವಾಚಕರು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಮಡಚಿದ ಚಾಕುವನ್ನು ಮುಷ್ಟಿಯಲ್ಲಿ ಹಿಡಿದು ನಾಲ್ಕು ಬೆರಳುಗಳೂ ಅದರ ಮೇಲೆ ಕೂರುತ್ತವೆಯೇ ಎಂದು ನೋಡಿರಿ. ಅನಂತರ ತೆರೆದು ಕೀಲು ಅಲುಗಾಡುವುದೇ, ಬೀಗ ಬಿಗಿಯಾಗಿ ಕೂರುವುದೇ ಎಂದು ಪರೀಕ್ಷಿಸಿರಿ. ಬೆನ್ನು ಎರಡು ಎರಡೂವರೆ ಮಿಲಿಮೀಟರಿಗಿಂತ ದಪ್ಪವಾಗಿರದಿದ್ದರೆ ಒಳ್ಳೆಯದು. ಕಿಸೆಯಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆದು, ಒಮ್ಮೆ ಕುಳಿತು ಎದ್ದು ನೋಡಿರಿ. ತೊಡೆಗೆ ಒತ್ತಿದರೆ ಅಂಗಡಿಯವನಿಗೆ ಹಿಂದಿರುಗಿಸಿರಿ. ಅಲಗಿನ ಉದ್ದವನ್ನು ಕೇಳುವುದು ಕೊನೆಯ ಕೆಲಸ. ಇಷ್ಟನ್ನು ನೋಡಿ ಆರಿಸಿದ ಚಾಕುವಿನ ಅಲಗು ಬಹುಮಟ್ಟಿಗೆ ಏಳು ಸೆಂಟಿಮೀಟರಿನ ಆಸುಪಾಸಿನಲ್ಲಿಯೇ ಇರುತ್ತದೆ. ತಿಂಗಳಿಗೊಮ್ಮೆ ಮಸೆದು, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಅದು ಅನೇಕ ವರ್ಷಗಳವರೆಗೆ ಕೈಗೆ ಒದಗುವುದು.